ಬೆಳಕು ಒಳಗಿರಲಿ, ಬಿಸಿಲು ಹೊರಗಿರಲಿ

ಮಕ್ಕಳೇ, ಮಧ್ಯಾಹ್ನದ ಬಿಸಿಯೂಟ ಮುಗಿಸಿ, ತಟ್ಟೆ ತೊಳೆದು, ಅಂಗಳದಿಂದ ತರಗತಿಯೊಳಗೆ ಬರುತ್ತೀರಿ. ಬಾಗಿಲು ದಾಟಿದ ಕೂಡಲೇ ಕೊಠಡಿಯೆಲ್ಲ ಕತ್ತಲೆ ಎನಿಸುತ್ತದೆ. ತಡಕಾಡಿ ನಿಮ್ಮ ಜಾಗದಲ್ಲಿ ಕುಳಿತು ಮುಂದೆ ನೋಡಿದರೆ, ಕಪ್ಪುಹಲಗೆಯ ಒಂದು ಮೂಲೆ ತಗಡಿನಂತೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ಅಲ್ಲಿ ಬರೆದ ಅಕ್ಷರ ನಿಮಗೆ ಕಾಣುವುದಿಲ್ಲ. ಆಚೆ ಸಾಲಿನಲ್ಲಿ ಕುಳಿತವರಿಗೆ ಅದೇ ಅಕ್ಷರ ಚೆನ್ನಾಗಿ ಕಾಣುತ್ತದೆ! ಮೇಡಂ "ಓದು" ಎಂದರೆ ನೀವು ತಡವರಿಸುತ್ತೀರಿ. ಪಕ್ಕದವರು ಮುಸಿಮುಸಿ ನಗುತ್ತಾರೆ.

ನೀವು ತಡವರಿಸಲು ನಿಮ್ಮ ದಡ್ಡತನ ಕಾರಣವಲ್ಲ. ಕಣ್ಣಿನ ದೋಷವೂ ಕಾರಣವಲ್ಲದಿರಬಹುದು. ಕಾರಣ ಕಿಟಕಿ ಇರಬಹುದು. ಒಂದೇ ಕೊಠಡಿಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದು ಕಡೆ ಬೆಳಕು ಸಾಲದು, ಇನ್ನೊಂದು ಕಡೆ ಬೆಳಕು ಅತಿಯಾಯಿತು. ಇದು ಹೇಗೆ ಸಾಧ್ಯ? ದಂಡಿನಶಿವರದ ಸುತ್ತಮುತ್ತಲಿನ ಯಾವ ಊರಿನ ಶಾಲೆಯಲ್ಲಾದರೂ ನೀವೇ ಇದನ್ನು ಪರೀಕ್ಷಿಸಿ ನೋಡಬಹುದು. ಅದಕ್ಕೆ ಮೊದಲು ಕೆಲವು ಸಂಗತಿಗಳನ್ನು ತಿಳಿಯೋಣ.

ಬೆಳಕು ಬೇರೆ, ಬಿಸಿಲು ಬೇರೆ

ನಮ್ಮ ಭಾಷೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿರುವುದು ಒಳ್ಳೆಯದಾಯಿತು. "ಬಿಸಿಲಿನಲ್ಲಿ ಕೂರಬೇಡ, ಬೆಳಕಿಗೆ ಬಂದು ಓದು" ಎಂದು ನಿಮ್ಮ ಅಜ್ಜಿ ಹೇಳಿದರೆ, ಅವರು ಒಂದು ಒಳ್ಳೆಯ ವಿಜ್ಞಾನದ ಮಾತನ್ನೇ ಹೇಳಿದಂತೆ.

ಸೂರ್ಯನಿಂದ ನೇರವಾಗಿ ಬಂದು ಬೀಳುವ ಕಿರಣಗಳು ಬಿಸಿಲು. ಅದೇ ಸೂರ್ಯನ ಕಿರಣಗಳು ಗಾಳಿಯ ಕಣಗಳಿಗೆ, ಮೋಡಕ್ಕೆ, ಗೋಡೆಗೆ, ಎಲೆಗೆ ತಗಲಿ ಎಲ್ಲ ದಿಕ್ಕಿಗೂ ಚದುರಿ ಬಂದರೆ ಅದು ಬರೀ ಬೆಳಕು. ಬಿಸಿಲಿಗೆ ಗಡಿ ಗೆರೆ ಇದೆ, ಅದರ ಪಕ್ಕದಲ್ಲಿ ಕಡು ನೆರಳು ಇದೆ. ಚದುರಿದ ಬೆಳಕಿಗೆ ಅಂತಹ ಗೆರೆ ಇಲ್ಲ. ಅದು ಮೂಲೆ ಮೂಲೆಗೂ ಹರಡುತ್ತದೆ.

ಒಂದು ಮೈಮೇಲೆ ಎಷ್ಟು ಬೆಳಕು ಬೀಳುತ್ತಿದೆ ಎಂಬುದನ್ನು 'ಲಕ್ಸ್' ಎಂಬ ಮಾನದಿಂದ ಅಳೆಯುತ್ತಾರೆ. ಹುಣ್ಣಿಮೆಯ ರಾತ್ರಿ ನೆಲದ ಮೇಲೆ ಬೀಳುವ ಬೆಳಕು ಒಂದು ಲಕ್ಸ್ ಕೂಡ ಇರುವುದಿಲ್ಲ. ಓದಲು ಬರೆಯಲು ತರಗತಿಯಲ್ಲಿ ಸುಮಾರು 300 ಲಕ್ಸ್ ಬೇಕು. ಬೇಸಿಗೆಯ ನಡುಹಗಲಿನಲ್ಲಿ ನಿಮ್ಮ ಶಾಲೆಯ ಅಂಗಳದಲ್ಲಿರುವುದು ಎಷ್ಟು ಗೊತ್ತೆ? ಸುಮಾರು 1,00,000 ಲಕ್ಸ್! ಮರದ ನೆರಳಿಗೆ ಬಂದರೂ 10,000ದ ಆಸುಪಾಸು ಇರುತ್ತದೆ. ಎಂದರೆ ನಮಗೆ ಬೇಕಾದದ್ದು ಹೊರಗಿರುವುದರ ಮುನ್ನೂರನೆಯ ಒಂದು ಪಾಲು ಮಾತ್ರ. ಹೀಗಿದ್ದೂ ಹಾಡುಹಗಲಿನಲ್ಲಿ ಟ್ಯೂಬ್‌ಲೈಟ್ ಹಾಕಿ ಪಾಠ ಮಾಡುವ ಕೊಠಡಿಗಳು ಬೇಕಾದಷ್ಟಿವೆ. ಕರೆಂಟು ಹೋದರೆ ಪಾಠವೂ ನಿಂತಿತು.

ಕಣ್ಣಿಗೆ ಏನಾಗುತ್ತದೆ?

ಕಣ್ಣಿನ ನಡುವಿನ ಕಪ್ಪು ರಂಧ್ರಕ್ಕೆ ಪಾಪೆ ಎನ್ನುತ್ತಾರೆ. ಬೆಳಕು ಹೆಚ್ಚಾದರೆ ಅದು ಕಿರಿದಾಗುತ್ತದೆ, ಕಡಿಮೆಯಾದರೆ ಹಿರಿದಾಗುತ್ತದೆ. ಅದರ ಅಡ್ಡಳತೆ ಸುಮಾರು 2 ಮಿಲಿಮೀಟರಿನಿಂದ 8 ಮಿಲಿಮೀಟರಿನವರೆಗೆ ಬದಲಾಗಬಲ್ಲದು. ಅಡ್ಡಳತೆ ನಾಲ್ಕು ಪಟ್ಟಾದರೆ ರಂಧ್ರದ ವಿಸ್ತೀರ್ಣ ಹದಿನಾರು ಪಟ್ಟಾಗುತ್ತದೆ. ಲೆಕ್ಕ ಮಾಡಿ ನೋಡಿ. ಆದರೆ ಅಂಗಳಕ್ಕೂ ಕೊಠಡಿಗೂ ಇರುವ ವ್ಯತ್ಯಾಸ ಮುನ್ನೂರು ಪಟ್ಟು. ಹದಿನಾರು ಪಟ್ಟಿನಿಂದ ಅದು ಸರಿಹೋಗುವುದಿಲ್ಲ. ಉಳಿದ ಕೆಲಸವನ್ನು ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲ ಮಾಡಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷಗಳೇ ಬೇಕು. ಬಿಸಿಯೂಟದ ನಂತರದ ತರಗತಿ ಮೊದಲಿಗೆ ಕತ್ತಲೆ ಎನಿಸುವುದು ಇದರಿಂದಲೇ.

ಇಷ್ಟೇ ಆಗಿದ್ದರೆ ಸ್ವಲ್ಪ ಹೊತ್ತು ಕಾದರೆ ಸರಿಹೋಗುತ್ತಿತ್ತು. ಆದರೆ ಕೊಠಡಿಯ ಒಳಗೇ, ನೀವು ನೋಡುವ ದಿಕ್ಕಿನಲ್ಲೇ, ಬಿಸಿಲು ಬಿದ್ದ ನೆಲವೋ ಹೊಳೆಯುವ ಕಿಟಕಿಯೋ ಇದ್ದರೆ? ಕಣ್ಣು ಆ ಹೊಳಪಿಗೆ ಹೊಂದಿಕೊಳ್ಳಲು ಹೋಗಿ ಪಾಪೆಯನ್ನು ಕಿರಿದಾಗಿಸುತ್ತದೆ. ಆಗ ಉಳಿದದ್ದೆಲ್ಲ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಕಿಟಕಿಗೆ ಬೆನ್ನು ಮಾಡಿ ನಿಂತ ಗೆಳೆಯನ ಮುಖ ಕಪ್ಪಗೆ ಕಾಣುವುದನ್ನು ನೀವು ಗಮನಿಸಿರುತ್ತೀರಿ. ಅವನ ಮುಖದ ಮೇಲೆ ಬೆಳಕಿಲ್ಲವೆಂದಲ್ಲ, ಹಿಂದಿನ ಕಿಟಕಿಯ ಹೊಳಪು ಅದನ್ನು ಮಂಕು ಮಾಡುತ್ತದೆ. ಇದೇ ಕಣ್ಣು ಕುಕ್ಕುವ ಬೆಳಕು. ಬೆಳಕು ಹೆಚ್ಚಿರುವುದಷ್ಟೇ ಇದಕ್ಕೆ ಕಾರಣವಲ್ಲ, ಅಕ್ಕಪಕ್ಕದಲ್ಲಿರುವ ಬೆಳಕಿನ ಪ್ರಮಾಣದಲ್ಲಿ ಅತಿಯಾದ ಅಂತರವಿರುವುದು ಕಾರಣ. ಹೊರಗೆ ಅಂಗಳದಲ್ಲಿ ಆಡುವಾಗ 1,00,000 ಲಕ್ಸ್ ಇದ್ದರೂ ನಿಮಗೆ ಚೆಂಡು ಕಾಣುತ್ತದೆ ಅಲ್ಲವೆ?

ಕಪ್ಪುಹಲಗೆ ಕನ್ನಡಿಯಾಗುವ ಬಗೆ

ಹೊಸ ಕಪ್ಪುಹಲಗೆ ಒರಟಾಗಿರುತ್ತದೆ. ಅದರ ಮೇಲೆ ಬಿದ್ದ ಅಲ್ಪಸ್ವಲ್ಪ ಬೆಳಕೂ ದಿಕ್ಕಾಪಾಲಾಗಿ ಚದುರುತ್ತದೆ. ಹಾಗಾಗಿ ಎಲ್ಲಿಂದ ನೋಡಿದರೂ ಅದು ಕಪ್ಪೇ. ವರ್ಷಗಟ್ಟಲೆ ಬರೆದು ಒರೆಸಿ ಬರೆದು ಒರೆಸಿ ಮೈ ನುಣುಪಾದ ಮೇಲೆ ಅದು ಕನ್ನಡಿಯ ಗುಣ ಪಡೆಯುತ್ತದೆ. ಕನ್ನಡಿಯ ನಿಯಮ ನಿಮಗೆ ಗೊತ್ತು: ಕಿರಣ ಯಾವ ಕೋನದಲ್ಲಿ ಬಂದು ಬೀಳುತ್ತದೋ ಅದೇ ಕೋನದಲ್ಲಿ ಪ್ರತಿಫಲಿಸುತ್ತದೆ. ಆದ್ದರಿಂದಲೇ ಹಲಗೆಯ ಹೊಳಪು ಎಲ್ಲರಿಗೂ ಕಾಣುವುದಿಲ್ಲ. ಕಿಟಕಿಯಿಂದ ಹೊರಟು ಹಲಗೆಗೆ ತಗಲಿ ಪುಟಿದ ಕಿರಣದ ದಾರಿಯಲ್ಲಿ ಯಾರ ಕಣ್ಣು ಇದೆಯೋ ಅವರಿಗೆ ಮಾತ್ರ ಕಾಣುತ್ತದೆ. ಬೋರ್ಡಿನ ಮುಂದೆ ನಿಂತ ಗುರುಗಳಿಗಂತೂ ಅದು ಕಾಣುವುದೇ ಇಲ್ಲ! ನೀವು ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ?

ಹಿಂದೆ ಹಳ್ಳಿಯ ಶಾಲೆಗಳಲ್ಲಿ ಮಕ್ಕಳೇ ಇದ್ದಿಲನ್ನು ಸೊಪ್ಪಿನ ರಸದೊಡನೆ ಅರೆದು ಹಲಗೆಗೆ ಬಳಿಯುತ್ತಿದ್ದರು. ಕರಟಕ್ಕೆ ಬರವಿಲ್ಲದ ನಮ್ಮ ಸೀಮೆಯಲ್ಲಿ ಇದ್ದಿಲಿಗೇನು ಕೊರತೆ? ಇದ್ದಿಲ ಪುಡಿಯ ಕಣಗಳು ಹಲಗೆಯ ಮೈಯನ್ನು ಮತ್ತೆ ಒರಟು ಮಾಡುತ್ತಿದ್ದವು. ಕಪ್ಪು ಬಣ್ಣ ಬರುವುದಕ್ಕಿಂತ ಈ ಒರಟುತನ ಬರುವುದೇ ಹೆಚ್ಚು ಮುಖ್ಯ. ಈಗ ಕೆಲವು ಕಡೆ ಹಲಗೆಗೆ ಮಿರಿಮಿರಿ ಮಿಂಚುವ ಎನಾಮಲ್ ಬಣ್ಣ ಹೊಡೆಸುತ್ತಾರೆ. ಹೊಡೆಸಿದ ದಿನ ನೋಡಲು ಚೆಂದ. ಪಾಠ ಮಾಡಲು ನನ್ನ ಮತ ಇದ್ದಿಲಿಗೇ. ಮಾರ್ಕರ್ ಪೆನ್ನಿನ ಬಿಳಿ ಬೋರ್ಡು, ಗೋಡೆಗೆ ಹಾಕಿದ ಟಿ.ವಿ. ಪರದೆ, ಇವುಗಳ ಕಥೆಯೂ ಇದೇ. ಮೈ ನುಣುಪಾದಷ್ಟೂ ಎದುರಿನ ಕಿಟಕಿ ಅದರೊಳಗೆ ಬಂದು ಕೂರುತ್ತದೆ.

ಸೂರ್ಯ ಯಾವ ಕಿಟಕಿಗೆ ಬರುತ್ತಾನೆ?

ಕಿಟಕಿಯ ಮೇಲೆ ಹೊರಕ್ಕೆ ಚಾಚಿದ ಕಾಂಕ್ರೀಟಿನ ಸಜ್ಜಾ ಇರುತ್ತದೆ. ಮಳೆಯ ಇರಚಲು ತಡೆಯುವುದರ ಜೊತೆಗೆ ಅದು ಬಿಸಿಲನ್ನೂ ತಡೆಯಬೇಕು. ಎಲ್ಲ ದಿಕ್ಕಿನ ಕಿಟಕಿಗೂ ಒಂದೇ ಅಳತೆಯ ಸಜ್ಜಾ ಹಾಕುವುದು ರೂಢಿ. ಆದರೆ ಸೂರ್ಯ ಎಲ್ಲ ದಿಕ್ಕಿನಲ್ಲೂ ಒಂದೇ ಎತ್ತರದಲ್ಲಿ ಇರುವುದಿಲ್ಲ.

ದಂಡಿನಶಿವರ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಇನ್ನೊಮ್ಮೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ಆ ಹೊತ್ತಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಅವನು ನಡುಹಗಲಿನಲ್ಲಿ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಸರಿದಿರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ.

ಜೂನ್ 21ರ ನಡುಹಗಲಿನಲ್ಲಿ ಉತ್ತರದ ಕಿಟಕಿಗೆ ಸೂರ್ಯ 80 ಡಿಗ್ರಿ ಎತ್ತರದಲ್ಲಿ ಕಾಣುತ್ತಾನೆ. ಆಗ ಒಂದೇ ಅಡಿ ಅಗಲದ ಸಜ್ಜಾ ಐದು ಅಡಿಗೂ ಮೀರಿ ಕೆಳಗಿನವರೆಗೆ ನೆರಳು ಕೊಡುತ್ತದೆ. ಡಿಸೆಂಬರ್ 21ರಂದು ದಕ್ಷಿಣದ ಕಿಟಕಿಗೆ ಸೂರ್ಯನ ಎತ್ತರ ಸುಮಾರು 53 ಡಿಗ್ರಿ. ಎರಡು ಅಡಿಯ ಸಜ್ಜಾ ಎರಡೂಮುಕ್ಕಾಲು ಅಡಿಯಷ್ಟು ನೆರಳು ಕೊಡುತ್ತದೆ. ಪರವಾಗಿಲ್ಲ. ಆದರೆ ಪಶ್ಚಿಮದ ಕಿಟಕಿಯನ್ನು ನೋಡಿ. ಮಾರ್ಚ್ 21ರ ಹೊತ್ತಿಗೆ ಸಂಜೆ ನಾಲ್ಕೂವರೆಗೆ ಸೂರ್ಯ ಸುಮಾರು 30 ಡಿಗ್ರಿಗೆ ಇಳಿದಿರುತ್ತಾನೆ. ಅದೇ ಎರಡು ಅಡಿಯ ಸಜ್ಜಾದ ನೆರಳು ಈಗ ಒಂದು ಅಡಿಗೆ ನಿಲ್ಲುತ್ತದೆ. ನಾಲ್ಕು ಅಡಿ ಎತ್ತರದ ಕಿಟಕಿಯಲ್ಲಿ ಉಳಿದ ಮೂರು ಅಡಿಯಿಂದ ಬಿಸಿಲು ಒಳನುಗ್ಗಿ ಮಕ್ಕಳ ತೊಡೆಯ ಮೇಲೆ, ಪುಸ್ತಕದ ಮೇಲೆ, ಹಲಗೆಯ ಮೇಲೆ ಬೀಳುತ್ತದೆ. ಪೂರ್ವದ ಕಿಟಕಿಗೆ ಬೆಳಿಗ್ಗೆ ಇದೇ ಪಾಡು.

ಬಿಸಿಲಿನ ಜೊತೆಗೆ ಶಾಖವೂ ಬರುತ್ತದೆ. ಸಂಜೆಯ ಬಿಸಿಲು ನೇರವಾಗಿ ಬೀಳುವ ಒಂದು ಚದರ ಮೀಟರ್ ಕಿಟಕಿಯಿಂದ 500 ವಾಟ್‌ಗೂ ಹೆಚ್ಚು ಶಾಖ ಒಳಗೆ ಬರಬಲ್ಲದು. ಸಾವಿರ ವಾಟ್‌ನ ಇಸ್ತ್ರಿ ಪೆಟ್ಟಿಗೆಯನ್ನು ಅರ್ಧ ಕಾವಿಗೆ ಹಚ್ಚಿಟ್ಟಂತೆ.

ಮಕ್ಕಳು ಏನು ಮಾಡುತ್ತಾರೆ? ಕಿಟಕಿ ಮುಚ್ಚುತ್ತಾರೆ. ನಮ್ಮ ಶಾಲೆಗಳ ಕಿಟಕಿಗೆ ಸಾಮಾನ್ಯವಾಗಿ ಮರದ ಅಥವಾ ತಗಡಿನ ಕದ. ತೆರೆದರೆ ಬಿಸಿಲು, ಮುಚ್ಚಿದರೆ ಕತ್ತಲು. ಎರಡರ ನಡುವೆ ಏನೂ ಇಲ್ಲ! ನಮ್ಮ ತೊಂದರೆಯ ಮೂಲ ಇಲ್ಲೇ ಇದೆ. ಬಿಸಿಲನ್ನು ಹೊರಗಿಟ್ಟು ಬೆಳಕನ್ನು ಮಾತ್ರ ಒಳಗೆ ಬಿಡುವ ಒಂದು ಜರಡಿ ನಮಗೆ ಬೇಕು.

ಮರುಭೂಮಿಯವರ ಜರಡಿ

ನಮ್ಮದು ಮರುಭೂಮಿಯಲ್ಲ. ಆದರೆ ಬಿಸಿಲನ್ನು ಪಳಗಿಸುವ ವಿದ್ಯೆಯನ್ನು ಮರುಭೂಮಿಯವರಿಂದಲೇ ಕಲಿಯಬೇಕು. ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಜೈಸಲ್ಮೇರ್ ಎಂಬ ಊರಿದೆ. ಅಲ್ಲಿ ಆಕಾಶದಿಂದ ಬರುವ ಬಿಸಿಲಷ್ಟೇ ಅಲ್ಲ, ಮರಳಿನಿಂದಲೂ ಎದುರಿನ ಗೋಡೆಯಿಂದಲೂ ಪುಟಿದು ಬರುವ ಬೆಳಕು ಕಣ್ಣು ಕುಕ್ಕುತ್ತದೆ. ಅಲ್ಲಿಯ ಹಳೆಯ ಮನೆಗಳಿಗೆ ದಪ್ಪ ಗೋಡೆ. ಬೀದಿಗಳು ಎಷ್ಟು ಕಿರಿದೆಂದರೆ ಒಂದು ಮನೆಯ ನೆರಳು ಎದುರು ಮನೆಯ ಮೇಲೆ ಬೀಳುತ್ತದೆ. ಕಿಟಕಿಗಳಲ್ಲಿ ಹಳದಿ ಕಲ್ಲನ್ನು ಕೊರೆದು ಮಾಡಿದ ಜಾಲಂದ್ರಗಳಿವೆ. ಜೈಪುರದಲ್ಲಿ 1799ರಲ್ಲಿ ಕಟ್ಟಿದ ಹವಾ ಮಹಲಿನಲ್ಲಂತೂ 953 ಕಿಟಕಿಗಳು! ಈಜಿಪ್ಟಿನ ಕೈರೋ ನಗರದಲ್ಲಿ ಇದೇ ಕೆಲಸಕ್ಕೆ ಕಡೆದ ಮರದ ತುಂಡುಗಳನ್ನು ಜೋಡಿಸಿದ ಜಾಲರಿ ಬಳಸುತ್ತಿದ್ದರು.

ಜಾಲಂದ್ರ ಬರೀ ತೂತುಗಳ ಕಲ್ಲಲ್ಲ. ಅದರ ಗುಟ್ಟು ಕಲ್ಲಿನ ದಪ್ಪದಲ್ಲಿದೆ. ತೂತಿನ ಎತ್ತರ ಎರಡು ಅಂಗುಲ, ಕಲ್ಲಿನ ದಪ್ಪವೂ ಎರಡು ಅಂಗುಲ ಎಂದುಕೊಳ್ಳಿ. ಒಂದು ಚೌಕ ಬರೆದು ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಆ ಗೆರೆಯ ಕೋನ 45 ಡಿಗ್ರಿ. ಸೂರ್ಯ ಅದಕ್ಕಿಂತ ಎತ್ತರದಲ್ಲಿದ್ದರೆ ಒಂದು ಕಿರಣವೂ ನೇರವಾಗಿ ಒಳಗೆ ಬರಲಾರದು. ತೂತಿನ ಒಳಮೈಗೆ ತಗಲಿ, ಚದುರಿ, ಮೆತ್ತಗಾಗಿ ಬರುತ್ತದೆ. ಬಿಸಿಲು ಹೋಗಿ ಬೆಳಕಾಯಿತು! ಗಾಳಿಗೆ ಮಾತ್ರ ಯಾವ ಅಡ್ಡಿಯೂ ಇಲ್ಲ. ತೆಳು ತಗಡಿನಲ್ಲಿ ಇಷ್ಟೇ ದೊಡ್ಡ ತೂತು ಕೊರೆದರೆ ಈ ಲಾಭ ಸಿಗದು.

ಅಬುಧಾಬಿಯಲ್ಲಿ 2012ರಲ್ಲಿ ಮುಗಿದ ಅಲ್ ಬಹರ್ ಎಂಬ ಜೋಡಿ ಗೋಪುರಗಳಲ್ಲಿ ಹಳೆಯ ಜಾಲರಿಗೆ ಹೊಸ ರೂಪ ಕೊಟ್ಟಿದ್ದಾರೆ. ಗಾಜಿನ ಗೋಡೆಯ ಹೊರಗೆ, ಒಂದೊಂದು ಗೋಪುರಕ್ಕೂ ಸಾವಿರಕ್ಕಿಂತ ಹೆಚ್ಚು ಮಡಿಚುವ ಪರದೆಗಳು. ಬಿಸಿಲು ಬಿದ್ದ ಕಡೆ ಅವು ಕೊಡೆಯಂತೆ ಬಿಚ್ಚಿಕೊಳ್ಳುತ್ತವೆ, ಸೂರ್ಯ ಸರಿದ ಮೇಲೆ ಮಡಿಚಿಕೊಳ್ಳುತ್ತವೆ. ಎಲ್ಲವೂ ಕಂಪ್ಯೂಟರಿನ ಆಣತಿ. ಮೊದಲೇ ಗಾಜಿನ ಗೋಡೆ ಕಟ್ಟದಿದ್ದರೆ ಇಷ್ಟೆಲ್ಲ ಬೇಕಿತ್ತೆ ಎಂದು ನೀವು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ.

ನಮ್ಮ ನಾಡಿನ ಜರಡಿಗಳು

ಬೇಲೂರಿಗೆ ಪ್ರವಾಸ ಹೋದರೆ ಚೆನ್ನಕೇಶವ ದೇವಾಲಯದ ಹೊರಗೋಡೆಯ ಶಿಲ್ಪಗಳನ್ನು ನೋಡಿ ಸುಮ್ಮನೆ ಬಂದುಬಿಡಬೇಡಿ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಈ ದೇವಾಲಯದ ಮಂಟಪಕ್ಕೆ ಮುಂದೆ ಕಲ್ಲಿನ ಜಾಲಂದ್ರಗಳನ್ನು ಕೂರಿಸಿದರು. ಒಳಗೆ ಕಂಬಗಳ ನಡುವೆ ಐದು ನಿಮಿಷ ಸುಮ್ಮನೆ ನಿಲ್ಲಿ. ಮೊದಲು ಕತ್ತಲೆ ಎನಿಸಿದ್ದು ನಿಧಾನವಾಗಿ ತಿಳಿಯಾಗುತ್ತಾ ಬರುತ್ತದೆ. ನಿಮ್ಮ ಅಕ್ಷಿಪಟಲ ಕೆಲಸ ಮಾಡುತ್ತಿದೆ! ಬಿಸಿಲ ನಾಡಾದ ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಿಟಕಿಯ ಕಲ್ಲಿನಲ್ಲಿ ಅರಬ್ಬಿ ಅಕ್ಷರಗಳನ್ನೇ ಕೊರೆದಿದ್ದಾರೆ. ಬೆಳಕು ಅಕ್ಷರಗಳ ಸಂದಿಯಿಂದ ಒಳಬರುತ್ತದೆ.

ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಗೋಡೆಗೆ ಕಿಟಕಿ ಕಡಿಮೆ. ಮಾಳಿಗೆಯಲ್ಲೇ ಒಂದು ಸಣ್ಣ ಕಂಡಿ ಬಿಟ್ಟಿರುತ್ತಾರೆ. ಅದರ ಹೆಸರೇ ಬೆಳಕಿಂಡಿ. ಹೆಸರು ಕೇಳಿದರೇ ಅದರ ಕೆಲಸ ತಿಳಿಯುತ್ತದೆ. ಮಳೆ ಬಂದರೆ ಮೇಲೆ ಒಂದು ಮುಚ್ಚಳ.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳೆಯ ತೊಟ್ಟಿ ಮನೆಗಳದ್ದು ಬೇರೆ ಉಪಾಯ. ನಡುವಿನ ತೊಟ್ಟಿಗೆ ಆಕಾಶದ ಬೆಳಕು ಇಳಿಯುತ್ತದೆ. ಸುತ್ತಲಿನ ಪಡಸಾಲೆಯ ಸುಣ್ಣ ಬಳಿದ ಗೋಡೆಗೆ ತಗಲಿ ಕೋಣೆಗಳಿಗೆ ಹಂಚಿಹೋಗುತ್ತದೆ. ಹೊಸದಾಗಿ ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ವಾಪಸ್ ಕೊಡುತ್ತದೆ. ಕೆಂಪು ಗಾರೆಯ ನೆಲ ಐದನೆಯ ಒಂದು ಪಾಲನ್ನೂ ಕೊಡುವುದಿಲ್ಲ, ಹಾಗಾಗಿ ಕೆಳಗಿನಿಂದ ಕಣ್ಣು ಕುಕ್ಕುವುದಿಲ್ಲ. ಇನ್ನು ಕಾಯಿ ತುಂಬಿದ ಅಟ್ಟ. ಅಲ್ಲಿ ಹತ್ತು ಹನ್ನೊಂದು ತಿಂಗಳು ನೆರಳಿನಲ್ಲೇ ಒಣಗಿ ಉಂಡೆ ಕೊಬ್ಬರಿಯಾಗುವ ಕಾಯಿಗೆ ಬೆಳಕು ಬೇಡ, ಆದರೆ ಅಟ್ಟದ ಕೆಳಗೆ ಓದುವ ಮಕ್ಕಳಿಗೆ ಬೇಕು. ಅಟ್ಟವಿಲ್ಲದ ಕಡೆ ಒಂದೆರಡು ಗಾಜಿನ ಹೆಂಚು ಹೊದಿಸುವುದುಂಟು. ಬಿಸಿಲಿನ ತುಂಡು ನೆಲದ ಮೇಲೆ ಓಡಾಡಿ ತೊಂದರೆ ಕೊಟ್ಟರೆ ಗಾಜಿನ ಒಳಮೈಗೆ ತೆಳುವಾಗಿ ಸುಣ್ಣದ ನೀರು ಬಳಿದರಾಯಿತು.

ತೆಂಗಿನ ತೋಟವೂ ಒಂದು ಜರಡಿ. ಗರಿಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳು ದುಂಡಗಿರುತ್ತವೆ, ಗಮನಿಸಿದ್ದೀರಾ? ಸಂದಿಗಳು ದುಂಡಗಿಲ್ಲ, ಚುಕ್ಕೆಗಳು ಮಾತ್ರ ದುಂಡಗೆ. ಏಕೆಂದರೆ ಒಂದೊಂದು ಚುಕ್ಕೆಯೂ ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವಾದಾಗ ಇದೇ ಚುಕ್ಕೆಗಳು ಕುಡುಗೋಲಿನ ಆಕಾರ ತಾಳಿದ್ದವು. ಆದರೆ ಶಾಲೆಯ ಪಶ್ಚಿಮದ ಕಿಟಕಿಗೆ ನೆರಳು ಬೇಕೆಂದು ಒಂದೆರಡು ತೆಂಗಿನ ಸಸಿ ನೆಟ್ಟರೆ ಪ್ರಯೋಜನವಿಲ್ಲ. ಗರಿಯೆಲ್ಲ ಮೇಲೆ, ಸಂಜೆಯ ಬಿಸಿಲು ಕೆಳಗಿನಿಂದ ನುಸುಳಿ ಬರುತ್ತದೆ. ಜೊತೆಗೆ ಕಾಯಿ ಬೀಳುವ ಭಯ ಬೇರೆ! ಅಲ್ಲಿಗೆ ತಗ್ಗಾಗಿ, ದಟ್ಟವಾಗಿ ಹಬ್ಬುವ ಹೊಂಗೆಯೇ ಸರಿ. ಹೊಂಗೆ ಬೆಳೆಯುವವರೆಗೆ ಹೆಣೆದ ತೆಂಗಿನ ಗರಿಯ ತಟ್ಟಿಯನ್ನು ಕಿಟಕಿಯ ಹೊರಗೆ ಒಂದು ಅಡಿ ದೂರದಲ್ಲಿ ಇಳಿಬಿಡಬಹುದು. ಒಳಗೆ ಪರದೆ ಕಟ್ಟುವುದಕ್ಕಿಂತ ಇದು ಮೇಲು. ಬಿಸಿಲು ಗೋಡೆ ದಾಟಿ ಒಳಗೆ ಬಂದ ಮೇಲೆ ತಡೆದರೆ ಅದರ ಶಾಖ ಕೊಠಡಿಯಲ್ಲೇ ಉಳಿಯುತ್ತದೆ.

ಪಶ್ಚಿಮಕ್ಕೆ ವರಾಂಡ ಇರುವ ಶಾಲೆ ನಿಮ್ಮದಾದರೆ ನೀವು ಅದೃಷ್ಟವಂತರು. ವರಾಂಡದ ಅಗಲ ಏಳು ಅಡಿ, ಅದರ ಸೂರಿನ ಎತ್ತರವೂ ಏಳು ಅಡಿ ಇದ್ದರೆ, ಮಾರ್ಚಿಯ ನಾಲ್ಕೂವರೆಯ ಸೂರ್ಯನಿಗೂ ನೆರಳು ನೆಲದಿಂದ ಮೂರು ಅಡಿಯವರೆಗೆ ಇಳಿಯುತ್ತದೆ. ಕಿಟಕಿ ಶುರುವಾಗುವುದೂ ಸುಮಾರು ಅಷ್ಟೇ ಎತ್ತರದಲ್ಲಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಅಂಗೈ ಅಗಲದ ಒಂದು ಕನ್ನಡಿ, ಕಾಗದ, ಬಣ್ಣದ ಪೆನ್ಸಿಲ್.

ತರಗತಿಯ ನಕ್ಷೆ ಬರೆದು ಕಿಟಕಿ, ಬಾಗಿಲು, ಹಲಗೆ, ಪ್ರತಿಯೊಬ್ಬರ ಜಾಗ ಗುರುತಿಸಿ. ಗುರುಗಳು ಹಲಗೆಯ ನಾಲ್ಕು ಮೂಲೆಗಳಲ್ಲಿ ಮತ್ತು ನಡುವೆ ಐದು ಬೇರೆ ಬೇರೆ ಅಕ್ಷರ ಬರೆಯಲಿ. ಪ್ರತಿಯೊಬ್ಬರೂ ತಮ್ಮ ಜಾಗದಿಂದ ಕಾಣದ ಅಕ್ಷರ ಯಾವುದೆಂದು ಹೇಳಲಿ. ಬೆಳಿಗ್ಗೆ 10ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಮೂರು ಸಲ ಮಾಡಿ. ಕಾಣದ ಜಾಗಗಳಿಗೆ ಬಣ್ಣ ತುಂಬಿ. ಎಲ್ಲ ಹೊತ್ತಿನಲ್ಲೂ, ಎಲ್ಲಿ ಕುಳಿತರೂ ಒಬ್ಬರಿಗೆ ಅಕ್ಷರ ಕಾಣದಿದ್ದರೆ ಅವರ ಕಣ್ಣನ್ನು ವೈದ್ಯರಿಗೆ ತೋರಿಸಬೇಕು. ಒಂದು ಜಾಗದಲ್ಲಿ ಯಾರು ಕುಳಿತರೂ ಕಾಣದಿದ್ದರೆ ಆ ಜಾಗಕ್ಕೇ ಚಿಕಿತ್ಸೆ ಬೇಕು.

ಈಗ ಕಳ್ಳ ಕಿಟಕಿಯನ್ನು ಹಿಡಿಯೋಣ. ಹಲಗೆ ಹೊಳೆಯುವ ಜಾಗದ ಮೇಲೆ ಒಬ್ಬರು ಕನ್ನಡಿಯನ್ನು ಚಪ್ಪಟೆಯಾಗಿ ಒತ್ತಿ ಹಿಡಿಯಲಿ. ಅಕ್ಷರ ಕಾಣದವರು ತಮ್ಮ ಜಾಗದಿಂದಲೇ ಕನ್ನಡಿಯೊಳಗೆ ನೋಡಲಿ. ಅದರಲ್ಲಿ ಯಾವ ಕಿಟಕಿ ಕಾಣುತ್ತದೋ ಅದೇ ಕಳ್ಳ! (ಹಲಗೆಯ ಮೇಲೆ ನೇರ ಬಿಸಿಲು ಬಿದ್ದಿರುವಾಗ ಇದನ್ನು ಮಾಡಬೇಡಿ. ಕನ್ನಡಿಯಲ್ಲಿ ಸೂರ್ಯನನ್ನು ನೋಡಿದರೆ ಕಣ್ಣಿಗೆ ಅಪಾಯ.) ಉಳಿದ ಕಿಟಕಿಗಳನ್ನು ತೆರೆದೇ ಇಟ್ಟು, ಅದೊಂದರ ಕೆಳಗಿನ ಕದ ಮಾತ್ರ ಮುಚ್ಚಿ ನೋಡಿ, ಅಥವಾ ಗರಿಯ ತಟ್ಟಿ ಕಟ್ಟಿ ನೋಡಿ. ಮೊಳೆಗೆ ತೂಗುಹಾಕಿದ ಹಲಗೆಯಾದರೆ ಅದರ ಮೇಲಂಚನ್ನು ಗೋಡೆಯಿಂದ ನಾಲ್ಕೈದು ಅಂಗುಲ ಮುಂದಕ್ಕೆ ಬಾಗಿಸಿ. ಆಗ ಹೊಳಪು ನಿಮ್ಮ ಕಣ್ಣಿಗೆ ಬರುವ ಬದಲು ಕೆಳಕ್ಕೆ ಇಳಿಯುತ್ತದೆ.

ಬಲಗೈಯಲ್ಲಿ ಬರೆಯುವವರಿಗೆ ಎಡಗಡೆಯಿಂದ ಬೆಳಕು ಬಂದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಎಡಗೈಯವರು ನಿಮ್ಮ ತರಗತಿಯಲ್ಲಿದ್ದರೆ ಅವರಿಗೆ ಬಲಗಡೆ ಕಿಟಕಿ ಇರುವ ಜಾಗ ಬಿಟ್ಟುಕೊಡಿ.

ನಕ್ಷೆಯ ಮೇಲೆ ದಿನಾಂಕ ಬರೆಯಲು ಮರೆಯಬೇಡಿ. ಜೂನ್‌ನಲ್ಲಿ ತಯಾರಿಸಿದ ನಕ್ಷೆ ಡಿಸೆಂಬರ್‌ಗೆ ಹೊಂದುವುದಿಲ್ಲ. ಅಷ್ಟು ಹೊತ್ತಿಗೆ ಸೂರ್ಯ ದಕ್ಷಿಣದ ಕಿಟಕಿಗೆ ಬಂದಿರುತ್ತಾನೆ, ಬಣ್ಣ ತುಂಬಬೇಕಾದ ಜಾಗಗಳೂ ಬದಲಾಗಿರುತ್ತವೆ.